ಸುಳ್ಳು ಹೇಳಿದ ಪೆಟ್ರೋಲ್ ಮುಳ್ಳು

ಕೀ ತಿರುವಿದ ಕೂಡ್ಲೇ ಮುಳ್ಳು ಟಣ್ಣಂತ ಎದ್ದು ಫುಲ್ಲಿಗೆ ಹೋಗಿ ಕುಂತತು. ಹೊಸಾ ಅಳಿಯ ಮಾವನ ಮನ್ಯಾಗ ಕುಂದ್ರತಾನಲ್ಲ, ಹಂಗ. ಅಳ್ಳಾಡ್ಲಿಲ್ಲ.

"ನೋಡ್ರಿ, ಟ್ಯಾಂಕ್ ಫುಲ್ ಐತಿ," ಅಂದ ದಫೇದಾರ ಕೊಟ್ರಯ್ಯ. "ಎಂಜಿನ್ ಸತ್ತೈತಿ. ಮೂಕಣ್ಣ, ಬಿಚ್ಚಲೇ."

ಮೂಕಣ್ಣ ಪಾನಾ ಹಿಡಕೊಂಡೇ ನಿಂತಿದ್ದ. ಬಿಚ್ಚು ಅಂದ್ರ ಸಾಕು, ತುಂಗಭದ್ರಾ ಡ್ಯಾಮನ್ನೂ ನಟ್ಟು ನಟ್ಟು ಬಿಚ್ಚಿ ಬಿಸಲಿಗೆ ಹರವಿಬಿಡೋ ಆಸಾಮಿ. ಹೆಸರು ಮೂಕಣ್ಣ, ಬಾಯಿ ಬಸ್ ಸ್ಟ್ಯಾಂಡಿನ ಮೈಕು. ನನ್ನ ಗಂಡನ ಕೈಕೆಳಗ ಕೆಲಸ ಕಲ್ತಾಂವ. ಗಂಡ ಹೋಗಿ ಹದಿನಾಕು ವರ್ಷ ಆತು. ಗ್ಯಾರೇಜು ಮೂಕಣ್ಣಗ ಬಿಟ್ಟೀನಿ. ನಾನು ಬಾಗಲಾಗ ಹೊಲಿಗಿ ಮಷೀನು ಇಟ್ಕೊಂಡು ಬೈಕಿನ ಸೀಟ್ ಕವರ್ ಹೊಲಿತೀನಿ. ಹೊಸಪೇಟ್ಯಾಗ ಅರ್ಧ ಊರು ಕುಂತಿರೋದು ನನ್ನ ಹೊಲಿಗಿ ಮ್ಯಾಲ. ಅಕ್ಷರ ನಂಗ ಬರೂದಿಲ್ಲ, ಅಂಕಿ ಅಷ್ಟ ಬರ್ತಾವ. ಯಾವ ಸೀಟು ಯಾರದು ಅಂತ ತಿಳಿಯಾಕ ಅದರ ಹಿಂದ ಸೀಮೆಸುಣ್ಣದ್ಲೆ ಗಾಡಿ ನಂಬರ್ ಗೀಚಿ ಇಡ್ತೀನಿ.

ಈ ಬೈಕಿಂದು ಮಾತ್ರ ಗೀಚೋದು ಬೇಕಿದ್ದಿಲ್ಲ. ಇದು ನಮ್ಮ ಓಣಿ ಮನೋಹರಂದು.

ಗುರುವಾರ ಮುಂಜಾನೆ ಮನಿಯಿಂದ ಹೊಂಟ ಮನೋಹರ ಶನಿವಾರ ಆದ್ರೂ ಬಂದಿಲ್ಲ. ಬೈಕು ಮಾತ್ರ ಕಂಪ್ಲಿ ಸೇತುವಿ ಹತ್ರ ಬೇವಿನ ಮರದ ಕೆಳಗ ಸಿಕ್ಕೈತಿ, ಕೀ ಸಮೇತ. ಲಗೇಜ್ ಆಟೋದಾಗ ಹಾಕಿ ತಂದು ಇಳಿಸ್ಯಾರ.

ಅಂವನ ಹೆಂಡ್ತಿ ಪೂಜಿತಾ ನನ್ನ ಮಷೀನಿನ ಪಕ್ಕ ಕುಂತು ಅಳಾಕತ್ತಿದ್ಲು. ಡ್ಯಾಮಿನ ಮೂವತ್ಮೂರು ಗೇಟೂ ಒಮ್ಮೆಲೇ ಎತ್ತಿದಂಗ.

"ಅತ್ರ ಏನ್ ಬಂತವ್ವಾ?" ಅಂದ ಕೊಟ್ರಯ್ಯ. "ಸೋಮವಾರ ಕೋರ್ಟಿನಾಗ ಸಾಕ್ಷಿ ಹೇಳಬೇಕಿತ್ತು. ಹೆದರ್‍ಯಾನ. ಕಂಪ್ಲಿ ತನಕ ಹೋಗ್ಯಾನ, ಗಾಡಿ ಕೈ ಕೊಟ್ಟೈತಿ, ಸೇತುವಿ ದಾಟಿ ನಡದು ಓಡಿಹೋಗ್ಯಾನ. ಬೈಕು ಶುರು ಆದ್ರ ಠಾಣೆಗೆ ಒಯ್ತೀನಿ, ಹಂಗಂತ ಬರದು ಮುಗಿಸ್ತೀನಿ."

ಬರದು ಮುಗಿಸಿದ್ರ ಮುಗೀತು. ಓಡಿಹೋದಾಂವನ್ನ ಯಾರು ಹುಡುಕತಾರ?

ಸಾಕ್ಷಿ ಅಂದ್ರ ಎರ್ರಮ್ಮ ಸತ್ತ ಕೇಸಿಂದು. ಸಂಡೂರು ಆಚೆ ಚೋರನೂರು ದಾರ್‍ಯಾಗ ತಲಿ ಮ್ಯಾಲ ಬುಟ್ಟಿ ಹೊತ್ಕೊಂಡು ಹೊಂಟಾಕಿನ್ನ ಯಾವುದೋ ಗಾಡಿ ಬಡದು ಹೋತು. ಅಲ್ಲಿ ಅದಿರು ಲಾರಿ ಬಿಟ್ರ ಏನ್ ಓಡ್ತತಿ? ಕೆಂಪು ಧೂಳಿನ್ಯಾಗ ಹಗಲ ಹೊತ್ನ್ಯಾಗ ಹೆಡ್‌ಲೈಟ್ ಹಾಕ್ಕೊಂಡು, ಇರಿವಿ ಸಾಲಿನಂಗ ಲಾರಿ. ಚನ್ನಯ್ಯ ಅನ್ನೋ ಲಾರಿ ಡ್ರೈವರನ್ನ ಒಳಗ ಹಾಕ್ಯಾರ. ಅಂವ ನಾನಲ್ಲ, ನಾನಲ್ಲ ಅಂತಾನ. ಕಣ್ಣಾರೆ ಕಂಡಾಂವ ಮನೋಹರ ಒಬ್ಬನ. ಏನ್ ಕಂಡೆಪ್ಪಾ ಅಂದ್ರ, ಹೆಂಡ್ತಿಗೂ ಹೇಳಿಲ್ಲ. ಕೋರ್ಟಿನಾಗ ಹೇಳ್ತೀನಿ ಅಂತಿದ್ದ.

ನಾನು ಎದ್ದು ಬೈಕಿನ ಹತ್ರ ಹ್ವಾದೆ. ಸೀಟು ಸವರಿದೆ. ನಾನು ಹೊಲದ ಸೀಟು, ನನ್ನ ಮಗಳಿದ್ದಂಗ. ಹಿಂದಿನ ಮೂಲ್ಯಾಗ ಬೆರಳು ತಡವರಿಸ್ತು. ಮೂರು ಹೊಲಿಗಿ ನನ್ನವಲ್ಲ. ಎಮ್ಮಿ ಕಾಲಿಗೆ ಸೂಜಿ ಕಟ್ಟಿ ಹೊಲಿಸಿದ್ರ ಹಂಗ ಬರ್ತಾವ. ಪೂಜಿತಾಗ ಹೇಳಿ ಚಾಷ್ಟಿ ಮಾಡಿ ನಗಬೇಕು ಅನ್ಕೊಂಡೆ. ಆದ್ರ ಈಗ ಹೊತ್ತಲ್ಲ ಅಂತ ಬಿಟ್ಟೆ.

"ಮೂಕಣ್ಣ, ಗಾಡಿ ಹಿಡದು ಅಳ್ಳಾಡ್ಸು."

"ಯಾಕ ಅಕ್ಕಾ?"

"ತೊಟ್ಟಿಲು ತೂಗಿದಂಗ ತೂಗೋ. ಕೇಳಬ್ಯಾಡ."

ತೂಗಿದ. ಒಳಗ ಗಳಗಳ ಅಂತು.

"ಕೇಳ್ರಿ ದಫೇದಾರ್‍ರೇ. ತುಂಬಿದ ಕೊಡ ತುಳುಕೂದಿಲ್ಲ ಅಂತಾರ. ಇದು ತುಳುಕೋದಷ್ಟ ಅಲ್ಲ, ಭಜನಿ ಮಾಡಾಕತ್ತೈತಿ."

ಮೂಕಣ್ಣ ಮುಚ್ಚಳ ತಗದು ಒಳಗ ಇಣುಕಿದ. "ಅಯ್ಯಪ್ಪೋ! ತಳದಾಗ ಒಂದ್ ಚರಿಗಿ ಅಷ್ಟ ಐತಿ!"

"ಮತ್ತ ಮುಳ್ಳು?" ಅಂತ ಕೊಟ್ರಯ್ಯ ಬಗ್ಗಿದ. ಮುಳ್ಳು ಫುಲ್ಲಿನ ಮ್ಯಾಲೇ ಮಕ್ಕೊಂಡಿತ್ತು.

"ಮುಳ್ಳು ಸುಳ್ಳು ಹೇಳಾಕತ್ತೈತಿ. ಟ್ಯಾಂಕಿನ ಎಡಗಡೆ ಕೆಳಗ ಕಾಕ್ ನೋಡ್ರಿ, ಎಲ್ಲೈತಿ?"

"ಆನ್ ಮ್ಯಾಲೈತಿ," ಅಂದ ಮೂಕಣ್ಣ.

"ರಿಸರ್ವಿಗೆ ತಿರುವು. ಕಿಕ್ ಹೊಡಿ."

ಎರಡನೇ ಕಿಕ್ಕಿಗೇ ಎಂಜಿನ್ ಬುರ್ರಂತು. ಸತ್ತಾಂವ ಎದ್ದು ಚಾ ಕೇಳಿದಂಗ. ಪೂಜಿತಾನ ಅಳು ಅಲ್ಲಿಗೇ ನಿಂತತು.

"ಇಷ್ಟೇನಾ?" ಅಂದ ಕೊಟ್ರಯ್ಯ.

"ಇಷ್ಟ ಸಾಹೇಬ್ರ. ಮ್ಯಾಲಿನ ಪೆಟ್ರೋಲ್ ತೀರ್‍ದಾಗ ಕಾಕ್ ತಿರುವಿದ್ರ ತಳದಾಗಿಂದು ಇಳೀತೈತಿ. ಅದೂ ಗೊತ್ತಿಲ್ಲೇನು ನಿಮಗ?"

"ಠಾಣೆಯಾಗ ಪೆಟ್ರೋಲ್ ಹಾಕಿಸೋದು ಬ್ಯಾರೆಯವ್ರು," ಅಂತ ನಕ್ಕ. ಆದ್ರ ಬಗ್ಗಿ ಆ ಕಾಕನ್ನ ಚಂದಂಗ ನೋಡ್ಕೊಂಡ. ಆನ್, ಆಫ್, ರಿಸರ್ವ್. ಮೂರನ್ನೂ ಬೆರಳಿಲೆ ಒಮ್ಮೆ ತಿರುವಿ ನೋಡಿದ. ನಾನೇ ನಿಂತು ತೋರಿಸಿಕೊಟ್ಟೆ. ಕಲಿಯಾಕ ವಯಸ್ಸೇನು, ಅಂತಾನೂ ಅಂದೆ.

ನನ್ನ ತಲ್ಯಾಗ ಮಾತ್ರ ಒಂದು ನೊಣ ಗುಂಯ್ ಅನ್ನಾಕತ್ತಿತ್ತು. ಮುಳ್ಳು ಯಾವಾಗಿಂದ ಸುಳ್ಳು ಹೇಳಾಕತ್ತೈತಿ?

"ಮೀಟರ್ ಹೋಗೇತಿ ಅಕ್ಕಾ," ಅಂದ ಮೂಕಣ್ಣ, ಭಾಳ ಜಲ್ದಿ. "ಹೊಸದು ಹಾಕೋಣ."

"ತಡಿಯೋ. ಟ್ಯಾಂಕಿನ ಕೆಳಗ, ಪೆಟ್ರೋಲಿನಾಗ ತೇಲೋ ಗುಂಡಿನಿಂದ ಎರಡು ವೈರ್ ಬರ್ತಾವಲ್ಲ, ಆ ಪಿನ್ನು ಕೀಳು. ಕಿತ್ತಿದ್ರ ಮುಳ್ಳು ಬೀಳಬೇಕು. ಬಿದ್ರ ಮೀಟರ್ ಚಲೋ ಐತಿ, ತಪ್ಪು ಗುಂಡಿಂದು."

ಕಿತ್ತ. ಮುಳ್ಳು ಬೀಳ್ಲಿಲ್ಲ.

"ಅಂದ್ರ ನಡುವ ಎಲ್ಲೋ ಎರಡೂ ವೈರ್ ಕೂಡ್ಯಾವ. ಹುಡುಕು."

ಮೂಕಣ್ಣನ ಬಾಯಿ ಬಂದಾತು. ಹದಿನಾಕು ವರ್ಷದಾಗ ಮೊದಲ ಸಲ. ನಾನ ಬಗ್ಗಿ ಕೈ ಹಾಕಿದೆ. ಕಪ್ಪು ಟೇಪಿನ ಗಂಟು ಸಿಕ್ತು. ಬಿಚ್ಚಿದೆ. ಎರಡು ವೈರ್ ಸಿಪ್ಪಿ ಸುಲುದು, ಜಡಿ ಹಾಕಿದಂಗ ಹೆಣದಿದ್ರು. ಎಡಕ್ಕ ಹೆಣದಿದ್ರು. ನಮ್ಮ ಓಣ್ಯಾಗ ಎಡಗೈ ಮೆಕ್ಯಾನಿಕ್ಕು ಒಬ್ಬನ.

"ಮೂಕಣ್ಣಾ."

"ಅಕ್ಕಾ, ಹೊಡಿಬ್ಯಾಡ."

"ಹೇಳು."

"ಆಯುಧ ಪೂಜಿ ದಿನ... ತೇಲು ಗುಂಡು ತೂತು ಬಿದ್ದು ಪೆಟ್ರೋಲ್ ಕುಡುದು ಮುಳುಗಿತ್ತು. ಎಷ್ಟು ಹಾಕಿದ್ರೂ ಮುಳ್ಳು ಖಾಲಿ ತೋರಿಸ್ತಿತ್ತು. ಪೂಜಿತಾನ ಅವ್ವ ಗಂಗಾಂಬಿಕಮ್ಮ ಆರತಿ ಹಿಡಕೊಂಡು ನಿಂತಾಕಿ ಅದನ್ನ ನೋಡಿ, 'ನಾವು ಅಳಿಯಗ ಕೊಟ್ಟ ಗಾಡಿ ಪೂಜಿ ಹೊತ್ನ್ಯಾಗ ಖಾಲಿ ತೋರಿಸ್ತತಿ, ಮನಿಗೆ ಚಲೋ ಅಲ್ಲ' ಅಂತ ಕಣ್ಣಾಗ ನೀರು ತಂದ್ಲು. ಹೊಸಾ ಗುಂಡು ಸಿಗಲಿಲ್ಲ. ಎರಡು ವೈರ್ ಕೂಡಿಸಿದೆ, ಮುಳ್ಳು ಫುಲ್ ಆತು. ಮುದುಕಿ ಖುಷಿ ಆದ್ಲು. ಆಮ್ಯಾಲ ಬಿಚ್ಚಾಕ ಮರತೆ."

ಪೂಜಿತಾ ಮೂಗು ಒರಸ್ಕೊಂಡು ಎದ್ದು ಬಂದ್ಲು. "ಹೌದು ಅಕ್ಕಾ. ಅದಕ್ಕ ಅವರು ಮುಳ್ಳು ನೋಡೂದ ಇಲ್ಲ. ಗಾಡಿ ಯಾರು ಕೇಳಿದ್ರೂ ಮೊದಲು 'ಮುಳ್ಳು ನಂಬಬ್ಯಾಡ್ರಿ' ಅಂತ ಹೇಳೇ ಕೀ ಕೊಡ್ತಾರ. ತೊಳಿಯಾಕ ಒಯ್ಯಾಂವಗೂ ಹೇಳ್ತಾರ. ಪೆಟ್ರೋಲ್ ಹಾಕಿಸಿದಾಗೊಮ್ಮೆ ಈ ಸಣ್ಣ ಮೀಟರಿನ ಗುಂಡಿ ತಿರುವಿ ಸೊನ್ನೆ ಮಾಡ್ತಾರ. ತೊಂಬತ್ತು ಕಿಲೋಮೀಟರ್ ಸಮೀಪ ಬಂತಂದ್ರ ಮತ್ತ ಎರಡು ಲೀಟರ್."

"ಕೊನೇ ಸಲ ಯಾವಾಗ ಹಾಕ್ಸಿದ್ದ?"

"ಗುರುವಾರ ಮುಂಜಾನೆ. ನಾನೂ ಹಿಂದ ಕುಂತಿದ್ದೆ. ಸೊನ್ನೆ ಮಾಡಿ, ನನ್ನ ಓಣಿ ತುದೀಗೆ ಇಳಿಸಿ ಹೋದ್ರು."

ಸಣ್ಣ ಮೀಟರ್ ನೋಡಿದೆ. ಅಂಕಿ ನಂಗ ಬರ್ತಾವ. ತೊಂಬತ್ಮೂರು.

"ದಫೇದಾರ್‍ರೇ, ಹೊಸಪೇಟಿಯಿಂದ ಕಂಪ್ಲಿ ಎಷ್ಟು?"

"ಮೂವತ್ತು ಮೂವತ್ಮೂರು."

"ಅಂವನ ಗಣಿ ಆಫೀಸಿರೋ ಸಂಡೂರು?"

"ಮೂವತ್ತು." ಅಂವ ಮೀಸಿ ತಿಕ್ಕೊಂಡ. "ಏನ್ ಹೇಳ್ಬೇಕಂತಿ?"

"ಸಂಡೂರಿಗೆ ಮೂವತ್ತು, ವಾಪಸ್ ಮೂವತ್ತು, ಕಂಪ್ಲಿಗೆ ಮೂವತ್ಮೂರು. ಕೂಡಸ್ರಿ, ನೀವು ಸಾಲಿ ಕಲ್ತೀರಿ. ಗಾಡಿ ಮೊದಲು ಸಂಡೂರಿಗೆ ಹೋಗೇತಿ. ಇನ್ನೊಂದು ಮಾತು. ಕಂಪ್ಲ್ಯಾಗ ಪೆಟ್ರೋಲ್ ತೀರೇತಿ. ಮನೋಹರ ಓಡಸ್ತಿದ್ರ ನಿದ್ದ್ಯಾಗೂ ಕಾಕ್ ತಿರುವ್ತಿದ್ದ. ಇಂವ ಮುಳ್ಳು ನೋಡ್ಯಾನ, ಫುಲ್ ಐತಿ ಅಂತ ನಂಬ್ಯಾನ, ಎಂಜಿನ್ ಹೋತು ಅಂತ ಬಿಟ್ಟು ಹೋಗ್ಯಾನ. ಅಲ್ಲಿ ತನಕ ಬಂದಾಂವ ಮನೋಹರ ಅಲ್ಲ. ಮನೋಹರ ಸಂಡೂರಿನ ಕಡೇನ ಉಳದಾನ."

ಪೂಜಿತಾ ನನ್ನ ಕೈ ಹಿಡಕೊಂಡ್ಲು. ಆಕಿ ಕೈ ಹಂಪಿ ಕಲ್ಲು ಮಧ್ಯಾನ ಕಾಯ್ತದಲ್ಲ, ಹಂಗ ಸುಡಾಕತ್ತಿತ್ತು.

ಅಷ್ಟೊತ್ತಿಗೆ ಅಭಯ ಬಂದ.

ಅಭಯ ಅಂದ್ರ ಮನೋಹರನ ಗೆಳೆಯ. ಇಬ್ಬರೂ ಒಂದೇ ಗಣಿ ಆಫೀಸಿನಾಗ ಕೆಲಸ. ಇಸ್ತ್ರಿ ಅಂಗಿ, ಅದರ ಕಿಸೆದಾಗ ಎರಡು ಮೊಬೈಲು. ಅಂವ ಒಳಗ ಕಾಲಿಡೋದ್ರೊಳಗ ನಾನು ಎಂಜಿನ್ ಬಂದ್ ಮಾಡಿ, ಕೀ ಕಿತ್ತು ಸೆರಗಿಗೆ ಕಟ್ಕೊಂಡೆ. ಬಿಚ್ಚಿದ ವೈರಿನ ಮ್ಯಾಲ ಅರಿವಿ ಹಾಕಿದೆ. ಯಾಕ ಅಂದ್ರ ನಂಗೂ ಗೊತ್ತಿದ್ದಿಲ್ಲ. ಕೆಲವು ಸಲ ಕೈಗೆ ತಲಿಗಿಂತ ಜಾಸ್ತಿ ಬುದ್ಧಿ ಇರ್ತತಿ.

"ಅಳಬ್ಯಾಡ ತಂಗಿ, ಬರ್ತಾನ," ಅಂದ ಪೂಜಿತಾಗ. ಆಮ್ಯಾಲ ದಫೇದಾರನ್ನ ನೋಡಿದ. ಖಾಕಿ ಕಂಡ್ರ ಎಲ್ಲಾರೂ ಹಂಗ ನೋಡ್ತಾರ ಅನ್ಕೊಂಡೆ.

"ಬಾರಪ್ಪಾ ಅಭಯ," ಅಂದೆ. "ಈ ಗಾಡಿ ಶುರು ಆಗವಲ್ದು. ನೀನು ಕಲ್ತಾಂವ, ಏನಾಗೇತಿ ಹೇಳು."

"ಎಂಜಿನ್ ಹೋಗಿರಬೇಕವ್ವಾ. ಪೆಟ್ರೋಲ್ ಅಂತೂ ಫುಲ್ ಐತಿ."

ಮೂಕಣ್ಣ ಪಾನಾ ಕೆಳಗಿಟ್ಟ.

"ಫುಲ್ ಐತಿ ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ಮುಳ್ಳು ಕಾಣ್ತತಲ್ಲ..." ಅಂತ ಮೀಟರ್ ನೋಡಿದ. ಮುಳ್ಳು ಕೆಳಗ ಬಿದ್ದಿತ್ತು.

"ಕೀ ತಿರುವದೇ ಮುಳ್ಳು ಏಳೂದಿಲ್ಲ ತಮ್ಮಾ. ಕೀ ಇಲ್ಲೈತಿ." ಸೆರಗಿನ ಗಂಟು ತೋರಿಸಿದೆ. "ಈ ಗಾಡ್ಯಾಗ ಮುಳ್ಳು ಫುಲ್ ಅಂತ ಅಂದಾಂವ ಇದರ ಮ್ಯಾಲ ಕುಂತು ಕೀ ತಿರುವಿರಬೇಕು. ಯಾವಾಗ ಕುಂತಿದ್ದಿ?"

ಅಭಯ ದಫೇದಾರನ ಕಡೆ ತಿರುಗಿದ. "ಇವರು... ಇವರೇ ಹೇಳಿದ್ರು..."

"ನಾನೇನೂ ಹೇಳಿಲ್ಲಲೇ," ಅಂದ ಕೊಟ್ರಯ್ಯ. ಹಿಡದ ಕೈ ನಡುನೀರಾಗ ಬಿಟ್ಟಂಗ.

ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂತು. "ಮನೋಹರನೇ ಕೀ ಕೊಟ್ಟ ಅವ್ವಾ!" ಅಂದ. "ದೇವರಾಣಿ. ಸಂಡೂರು ಬಸ್ ಸ್ಟ್ಯಾಂಡಿನಾಗ. ಸೋಮವಾರದ ತನಕ ಅಡಗಿರ್ತೀನಿ, ಗಾಡಿ ಕಂಪ್ಲ್ಯಾಗ ಬಿಟ್ಟು ಬಾ, ಎಲ್ಲಾರೂ ನದಿ ದಾಟಿದ ಅನ್ಕೊಳ್ಳಿ ಅಂದ. ಚಲೋ ಅದಾನ. ಚೋರನೂರು ದಾರ್‍ಯಾಗ, ಲಾರಿ ಬಾಡಿ ಕಟ್ಟೋ ಹಳೇ ಶೆಡ್ಡು ಐತಲ್ಲ, ಅಲ್ಲಿ."

"ಅಯ್ಯೋ, ಚಲೋ ಅದಾರಾ?" ಅಂತ ಪೂಜಿತಾ ನಕ್ಕುಬಿಟ್ಲು. ನಗು, ಅಳು, ಎರಡೂ ಕೂಡೇ.

ನಂಗ ನಗು ಬರಲಿಲ್ಲ.

"ಕೀ ಕೊಡೋವಾಗ ಏನಂದ?"

"ಏನೂ ಅನ್ಲಿಲ್ಲ."

"ಮುಳ್ಳಿನ ಬಗ್ಗೆ?"

"ಯಾವ ಮುಳ್ಳು?"

ಪೂಜಿತಾನ ನಗು ಇಳೀತು. ಆಕೀಗೂ ಹೊಳೀತು. ತೊಳಿಯಾಂವಗೂ ಹೇಳೋ ಮಾತು, ಗೆಳೆಯಗ ಹೇಳಿಲ್ಲ. ಮನಸಿನಿಂದ ಕೊಟ್ಟಿದ್ರ ಹೇಳ್ತಿದ್ದ. ಕಸಗೊಂಡಾಂವಗ ಯಾಕ ಹೇಳ್ತಾನ? ಬಾಯಿ ಮುಚ್ಚಿಕೊಂಡಾನ. ಗಾಡಿ ದಾರ್‍ಯಾಗ ನಿಲ್ಲಲಿ, ನಿಂತ ಗಾಡಿ ಮೂಕಣ್ಣನ ಗ್ಯಾರೇಜಿಗೇ ಬರ್ಲಿ, ಬಾಗಲಾಗ ಕುಂತ ಮುದುಕಿ ಕೈಗೆ ಸಿಗಲಿ ಅಂತ.

ನನ್ನ ಕೈಗೆ ಏನ್ ಸಿಗಬೇಕು?

ಸೀಟು.

ಕತ್ರಿ ತೊಗೊಂಡು ಆ ಎಮ್ಮಿ ಹೊಲಿಗಿ ಮೂರನ್ನೂ ಕತ್ತರಿಸಿದೆ. ಸ್ಪಂಜಿನ ಕೆಳಗ ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕು, ಅದರಾಗ ಮಡಚಿದ ಚೀಟಿ. ಬಿಡಿಸಿದೆ. ಇರಿವಿ ಸಾಲಿನಂಗ ಅಕ್ಷರ. ಕೊನೀಗೆ ನಾಕು ಅಂಕಿ. ಏಳು, ಸೊನ್ನೆ, ಒಂಬತ್ತು, ನಾಕು.

ಈಗ ನಾನು ಮಾಡಿದ ಕೆಲಸ ಕೇಳ್ರಿ. ಎಪ್ಪತ್ತು ವರ್ಷದಾಗ ಇಂಥಾ ದಡ್ಡತನ ಮಾಡಿದ್ದಿಲ್ಲ. ಓದಾಕ ಬರೂದಿಲ್ಲ, ಪಕ್ಕದಾಗ ಸರ್ಕಾರದ ಮನಷ್ಯ ನಿಂತಾನ, ಪೂಜಿತಾ ಕೈ ಚಾಚೋದ್ರೊಳಗ "ಓದ್ರಿ ಸಾಹೇಬ್ರ" ಅಂತ ದಫೇದಾರನ ಕೈಗೆ ಕೊಟ್ಟೆ.

ಕೊಟ್ರಯ್ಯ ಓದಿದ. ತುಟಿ ಅಳ್ಳಾಡ್ಲಿಲ್ಲ. ಮಡಚಿ ಕಿಸೆಗೆ ಹಾಕ್ಕೊಂಡ.

"ಏನೈತಿ?" ಅಂದ್ಲು ಪೂಜಿತಾ.

"ಏನಿಲ್ಲವ್ವಾ. ಕಿರಾಣಿ ಸಾಮಾನಿನ ಚೀಟಿ."

ಕಿರಾಣಿ ಚೀಟಿನ ಯಾರು ಸೀಟಿನಾಗ ಹೊಲಿತಾರ ಅಂತ ನಾನು ಬಾಯಿ ತೆಗಿಯೋದ್ರೊಳಗ ಅಂವ ಅಭಯನ ರಟ್ಟಿ ಹಿಡದಿದ್ದ. "ನಡಿಲೇ, ಶೆಡ್ಡು ತೋರಿಸು. ಇವತ್ತೇ ಕರ್‍ಕೊಂಡು ಬರೋಣ." ಹೊರಗ ನಿಲ್ಲಿಸಿದ್ದ ತನ್ನ ಬೈಕು ಶುರು ಮಾಡಿ, ಅದು ಓಡಾಕತ್ತಿದ್ದಂಗ ಬಿಟ್ಟು, ಆಚೆ ಹೋಗಿ ಯಾರಿಗೋ ಫೋನ್ ಹಚ್ಚಿದ. ಅಭಯ ಚರಂಡಿ ದಂಡ್ಯಾಗ ತಲಿ ಕೆಳಗ ಹಾಕ್ಕೊಂಡು ನಿಂತಿದ್ದ.

ಗ್ಯಾರೇಜಿಗೆ ಬಂದ ಎಲ್ಲಾ ಗಾಡಿ ಸೀಟೂ ಅರಿವಿಲೆ ಒರಸಿ ಕಳಿಸೋದು ನನ್ನ ಚಟ. ಅರಿವಿ ತೊಗೊಂಡು ಹ್ವಾದೆ. ಸೀಟು ಒರಸಿದೆ. ಹೋದ ದೀಪಾವಳಿಗೆ ನಾನ ಹೊಲದಿದ್ದು. ಇದರ ಹಿಂದ ಸೀಮೆಸುಣ್ಣದ್ಲೆ ಏನ್ ಗೀಚಿದ್ದೆ ಅಂತ ನೆನಪಾಗೋದ್ರೊಳಗ ಕಣ್ಣು ನಂಬರ್ ಪ್ಲೇಟಿಗೆ ಹೋತು.

ಏಳು. ಸೊನ್ನೆ. ಒಂಬತ್ತು. ನಾಕು.

ಎರ್ರಮ್ಮನ್ನ ಬಡದದ್ದು ಲಾರಿ ಅಲ್ಲ. ಆ ದಾರ್‍ಯಾಗ ಏನಾದ್ರೂ ಲಾರಿ ಮ್ಯಾಲ ಹಾಕಿದ್ರ ಊರು ನಂಬತೈತಿ. ಅಷ್ಟ.

ಮಾರಿ ಮ್ಯಾಲಿನ ನಗು ಹಂಗ ಇಟ್ಕೊಂಡೆ. ಟ್ಯಾಂಕು ಒರಸಿದೆ, ಎಡಗಡೆ ಬಗ್ಗಿ ಧೂಳು ಹೊಡದೆ, ಹೊಡಕೋತನ ಕಾಕು ಆಫ್ ಮಾಡಿದೆ.

"ಮಸ್ತ್ ಹೊಳಿತೈತಿ ನೋಡ್ರಿ ಸಾಹೇಬ್ರ," ಅಂದೆ.

ಅಂವ ಹತ್ತಿದ, ಅಭಯ ಹಿಂದ ಹತ್ತಿದ, ಹೋದ್ರು.

ನಾನು ಸೆರಗಿನ ಕೀ ಬಿಚ್ಚಿಕೋತ ಒಳಗ ಓಡಿದೆ. ಈ ಮಂಡಿ ಹಿಂಗ ಓಡಿದ್ದು ನನ್ನ ಲಗ್ನದಾಗಷ್ಟ. "ಮೂಕಣ್ಣ, ನಟ್ಟು ತೊಳಿಯೋ ಬಾಟ್ಲಿ ಪೆಟ್ರೋಲ್ ಎಲ್ಲಾ ಇದಕ್ಕ ಸುರುವು. ಇವಳನ್ನ ಕೂಡ್ಸಿಕೊಂಡು ಹಿಂದಿನ ಓಣಿಯಿಂದ ಬೈಪಾಸ್ ಹಿಡಿ. ಚೀಟ್ಯಾಗಿನ ನಂಬರ್ ದಫೇದಾರನ ಗಾಡೀದು. ಆ ಶೆಡ್ಡಿಗೆ ಅವರಿಗಿಂತ ಮೊದಲು ಮುಟ್ಟಬೇಕು. ದಫೇದಾರನ ಕಾಕ್ ಬಂದ್ ಮಾಡೀನಿ, ದಾರ್‍ಯಾಗ ನಿಲ್ತಾನ."

"ಅಕ್ಕಾ, ವೈರ್ ಬಿಚ್ಚಿಯಲ್ಲ, ಈಗ ಮುಳ್ಳು ಖಾಲಿ ಅಂತ..."

"ಅದರ ಮಾತು ಯಾವತ್ತು ಖರೇ ಇತ್ತೋ? ಹೋಗಲೇ!"

ಪೂಜಿತಾ ಸೀರಿ ಸಿಗಿಸ್ಕೊಂಡು ಹತ್ತಿದ್ಲು. ತಿರುಗಿ ನೋಡಿದ್ಲು. ಕಣ್ಣಾಗ ಒಂದ್ ಹನಿ ನೀರಿದ್ದಿಲ್ಲ.

ಅವರು ಹೋದಮ್ಯಾಲ ಬಾಗಲಾಗ ಬಂದು ಕಣ್ಣಿಗೆ ಕೈ ಅಡ್ಡ ಹಿಡದೆ. ನಮ್ಮ ರಸ್ತಾ ರೈಲ್ವೆ ಗೇಟಿನ ತನಕ ದಾರ ಎಳದಂಗ ನೆಟ್ಟಗ ಐತಿ. ಗೇಟಿನ ಹತ್ರ ಕೊಟ್ರಯ್ಯನ ಬೈಕು ನಿಂತಿತ್ತು. ಕಿಕ್ ಹೊಡದ. ಇನ್ನೊಂದು ಹೊಡದ. ಹೊಡಿ ಮಗನೇ, ಸಂಜಿ ತನಕ ಹೊಡಿ ಅಂದೆ.

ಅಂವ ಕಿಕ್ ಬಿಟ್ಟ. ಬಗ್ಗಿದ. ಎಡಗಡೆ ಟ್ಯಾಂಕಿನ ಕೆಳಗ ಕೈ ಹಾಕಿದ.

ಅರ್ಧ ತಾಸಿನ ಹಿಂದ ಆ ಪಾಠ ಹೇಳಿಕೊಟ್ಟಾಕಿ ನಾನ.

ಸೆಟೆದು ನಿಂತ. ಆ ಕಾಕು ತಾನಾಗೇ ತಿರುಗೂದಿಲ್ಲ ಅಂತ ಅಂವಗೂ ಗೊತ್ತು. ನಿಧಾನಕ್ಕ ತಿರುಗಿ ಗ್ಯಾರೇಜಿನ ಕಡೆ ನೋಡಿದ. ಅಷ್ಟು ದೂರದಿಂದ್ಲೂ ಆ ನೋಟ ನನ್ನ ಮೂಗಿಗೆ ಬಡೀತು. ಅಭಯನ್ನ ಅಲ್ಲೇ ಇಳಿಸಿದ. ಗಾಡಿ ಸಂಡೂರು ಕಡೆ ಹೋಗ್ಲಿಲ್ಲ. ನಮ್ಮ ಕಡೆ ಹೊಳ್ಳತು.

ನಾನು ಮಷೀನಿನ ಮುಂದ ಕುಂತು ಸೂಜಿಗೆ ದಾರ ಪೋಣಿಸಾಕ ಹತ್ತಿದೆ. ಸೂಜಿ ಕಣ್ಣು ಸಿಗವಲ್ದು. ಬರ್ಲಿ. ನನ್ನ ಹತ್ರ ಎಷ್ಟೊತ್ತು ಕುಂದ್ರತಾನೋ ಅಷ್ಟೊತ್ತು ಪೂಜಿತಾಗ ದಾರಿ.

ಬೈಕು ಬಾಗಲಾಗ ಬಂದು ನಿಂತತು. ಕೊಟ್ರಯ್ಯ ಇಳದು ಖಾಲಿ ಗ್ಯಾರೇಜು ನೋಡಿದ. ಮನೋಹರನ ಬೈಕು ಇದ್ದ ಜಾಗ ನೋಡಿದ. ಆಮ್ಯಾಲ ನನ್ನ ನೋಡಿ ಮೆತ್ತಗ ನಕ್ಕ.

"ನನ್ನ ಸೀಟು ಎಲ್ಲೋ ಹರದೈತಿ ಅವ್ವಾ," ಅಂದ. "ಹೊಲದು ಕೊಡು."

ಸೀಟು ಎಲ್ಲೂ ಹರದಿದ್ದಿಲ್ಲ. ಈಗಷ್ಟ ಒರಸೀನಿ.

ಅಂವ ಒಳಗ ಬಂದು ಷಟರಿಗೆ ಕೈ ಹಾಕಿದ. ಕೆಳಗ ಎಳದ.